ಮದ್ದೂರು ಹತ್ರ ಕೆರೆ ಜೊಂಡಲ್ಲಿ ಗೂಡು ಕಟ್ಟಿರೋ, ಹಳದಿ ತಲೆ, ಎದೆ ತುಂಬ ಕಪ್ಪು ಗೆರೆ ಇರೋ ಹಕ್ಕಿ ಗೀಜಗಾನಾ?

ಗೀಜಗದ ಜಾತಿನೇ, ಆದ್ರೆ ಈಚಲು ಮರದಲ್ಲಿ, ಬಾವಿ ಪಕ್ಕದ ಜಾಲಿಲಿ ಗೂಡು ನೇತಾಕೋ ಮಾಮೂಲಿ ಗೀಜಗ ಅಲ್ಲ. ನೀವು ಹೇಳಿದಂಗೆ ಎದೆ ತುಂಬ ಕಪ್ಪು ಗೆರೆ ಇದ್ದು ಗೂಡು ನೀರಿನ ಮೇಲೆ ಜೊಂಡಿಗೇ ಹೆಣೆದಿದ್ರೆ ಅದು ಸ್ಟ್ರೀಕ್ಡ್ ವೀವರ್, ಅಂದ್ರೆ ಗೆರೆ ಇರೋ ಗೀಜಗ. ಹಳದಿ ತಲೆ, ಕಪ್ಪು ಮುಖ ಎರಡು ಜಾತಿಲೂ ಗಂಡಿಗೆ ಮಾತ್ರ, ಅದೂ ಮರಿ ಮಾಡೋ ಸೀಸನ್ನಲ್ಲಿ, ಆಮೇಲೆ ಹೆಣ್ಣಿನ ಥರಾನೇ ಮಂಕಾಗುತ್ತೆ, ಹಾಗಾಗಿ ಬರೀ ಬಣ್ಣ ನಂಬ್ಬೇಡಿ, ಎದೆ ನೋಡಿ. ಗಂಡು ಅರ್ಧ ಗೂಡು ಕಟ್ಟಿ ರೆಕ್ಕೆ ಬಡಿದು ಕರೆಯುತ್ತೆ, ಹೆಣ್ಣು ಬಂದು ನೋಡಿ ಒಪ್ಪಿದ್ರೇನೇ ಗೂಡು ಪೂರ್ತಿ ಆಗೋದು, ಇದು ನಂಗೆ ತುಂಬಾ ಇಷ್ಟದ ವಿಷಯ. ಕಾವು ಕೊಡೋದು ಹೆಣ್ಣೇ. ಕೆರೆ ಕ್ಲೀನ್ ಮಾಡೋರಿಗೆ ಮಳೆಗಾಲ ಮುಗಿಯೋವರೆಗಾದ್ರೂ ಆ ಜೊಂಡು ಕೀಳಬೇಡಿ ಅಂತ ದಯವಿಟ್ಟು ಹೇಳಿ.