ಬೊಜ್ಜು ಹೆಚ್ಚಾದರೆ ಇಡೀ ಜಿಲ್ಲೆಯ ಸರಾಸರಿ ಆಯಸ್ಸು ಇಳಿಯುತ್ತಾ?

ಇಳಿಯುತ್ತದೆ, ಆದರೆ ಲೆಕ್ಕದಲ್ಲಿ ಬೇಗ ಕಾಣಿಸುವುದಿಲ್ಲ. ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಅಳತೆ, 30ರಿಂದ 35 ಇದ್ದವರಿಗೆ ಆಯಸ್ಸು ಸುಮಾರು 2ರಿಂದ 4 ವರ್ಷ ಕಡಿಮೆ. ಬಿಎಂಐ 40 ದಾಟಿದರೆ 8ರಿಂದ 10 ವರ್ಷ, ಹೆಚ್ಚುಕಮ್ಮಿ ಸಿಗರೇಟು ಸೇದುವವರಷ್ಟೇ. ಹೆಚ್ಚಿನವರನ್ನು ಕೊಂಡೊಯ್ಯುವುದು ಹಾರ್ಟ್ ಅಟ್ಯಾಕ್, ಲಕ್ವ, ಸಕ್ಕರೆ ಕಾಯಿಲೆ.

ಆದರೂ ಆಯಸ್ಸು ಏರುತ್ತಲೇ ಇದೆಯಲ್ಲ ಅಂತೀರಾ? ಹಾಸನದಲ್ಲಿ ಒಂದು ಕೂಸು ಉಳಿದರೆ ಲೆಕ್ಕಕ್ಕೆ 70 ವರ್ಷ ಸೇರುತ್ತದೆ. 60ಕ್ಕೇ ಹೋದವರಿಂದ ಕಳೆಯುವುದು ಹತ್ತೋ ಹದಿನೈದೋ ಅಷ್ಟೇ. ಶಿಶುಮರಣ ತಗ್ಗಿದ ಲಾಭದಲ್ಲಿ ಬೊಜ್ಜಿನ ನಷ್ಟ ಮುಚ್ಚಿಹೋಗುತ್ತದೆ. ಅಜ್ಜ ಗದ್ದೆ ಉತ್ತು ಎರಡು ಮುದ್ದೆ ಉಣ್ಣುತ್ತಿದ್ದರು. ಮೊಮ್ಮಗ ಗಲ್ಲಾದಲ್ಲಿ ಕೂತು ಅಷ್ಟೇ ಉಣ್ಣುತ್ತಾನೆ, ಜೊತೆಗೆ ಸಂಜೆ ಬೋಂಡ!

ನಮ್ಮವರಿಗೆ ಅಪಾಯ ಬಿಎಂಐ 23ರಿಂದಲೇ ಶುರು. ಸುಮ್ನೆ ಟೇಪು ಹಿಡಿದು ನೋಡಿ: ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಒಳಗಿರಬೇಕು.