ಅಪ್ಪನ ಸಹಿ ಬಗ್ಗೆ ಎಫ್‌ಎಸ್‌ಎಲ್ (ಸರ್ಕಾರಿ ವಿಧಿವಿಜ್ಞಾನ ಪ್ರಯೋಗಾಲಯ) ವರದಿ ನಮ್ಮ ವಿರುದ್ಧ ಬಂದಿದೆ. ಖಾಸಗಿ ತಜ್ಞರಿಂದ ಇನ್ನೊಂದು ವರದಿ ಮಾಡಿಸಲಾ?

ಈಗಲೇ ಬೇಡ. ಹೋಲಿಸೋಕೆ ನಿಮ್ಮ ಕಡೆಯಿಂದ ಯಾವ ಸಹಿಗಳು ಹೋಗಿದ್ದವು, ಮೊದಲು ಅದನ್ನು ನೋಡಿ.

ಯಾಕೆ ಅಂತ ನನ್ನದೇ ಅನುಭವದಿಂದ ಹೇಳ್ತೀನಿ. ನಮ್ಮದು ಆಳಂದ ತಾಲ್ಲೂಕಿನ ತೊಗರಿ ಹೊಲದ ಕೇಸು. ಅಪ್ಪ ತೀರಿಕೊಂಡ ಮೇಲೆ ಸಂಬಂಧಿಕರೊಬ್ಬರು 2009ರ ಖರೀದಿ ಕರಾರು ಅಂತ ಒಂದು ಕಾಗದ ತಂದರು. ಸಹಿ ಅಪ್ಪನದಲ್ಲ ಅಂದೆವು. ಕೋರ್ಟು ಪರೀಕ್ಷೆಗೆ ಕಳಿಸಿತು. ಹೋಲಿಕೆಗೆ ನಾನು ಕೊಟ್ಟಿದ್ದು ಕೈಗೆ ಸಿಕ್ಕ ಬ್ಯಾಂಕ್ ಸ್ಲಿಪ್ಪು, ಒಂದು ಅರ್ಜಿ. ಎರಡೂ ಅಪ್ಪನಿಗೆ ಲಕ್ವಾ ಹೊಡೆದ ಮೇಲಿನವು. ಅವುಗಳಲ್ಲಿ ಹೆಸರಿನ ಕೊನೆಯ ‘ಪ್ಪ’ ನಡುಗಿ ನಡುವೆ ಮುರಿದಿತ್ತು. ಕರಾರಿನಲ್ಲಿ ಅದೇ ಅಕ್ಷರ ಒಂದೇ ಎಳೆತಕ್ಕೆ ಬಂದಿತ್ತು. ಫರಕು ಎದ್ದು ಕಾಣುತ್ತೆ, ಇಷ್ಟು ಸಾಕು ಅಂದುಕೊಂಡೆ. ಅಲ್ಲೇ ಕೆಟ್ಟಿತು. ಆ ಫರಕು ಬೇರೆಯವರ ಕೈಯದೋ, ಕಾಯಿಲೆಯದೋ ಅಂತ ಯಾರು ಹೇಳಬೇಕು? ಕರಾರಿನ ಆಸುಪಾಸಿನ ವರ್ಷಗಳ ಸಹಿ ಇದ್ದರೆ ಮಾತ್ರ ಹೇಳಬಹುದು. ಅದೂ ನಾಲ್ಕಾರು ಇರಬೇಕು, ಯಾಕಂದರೆ ಒಬ್ಬರೇ ಹಾಕಿದ ಎರಡು ಸಹಿಯೂ ಪೂರ್ತಿ ಒಂದೇ ಥರ ಇರಲ್ಲ. ಮೂಲ ಕಾಗದವೇ ಬೇಕು. ಪೆನ್ನು ಎಷ್ಟು ಒತ್ತಿದೆ, ಎಲ್ಲಿ ಎತ್ತಿದೆ ಅನ್ನೋದು ಝೆರಾಕ್ಸ್‌ನಲ್ಲಿ ಸರಿಯಾಗಿ ಕಾಣಲ್ಲ. ‘ಅಭಿಪ್ರಾಯ ಕೊಡಲಾಗದು’ ಅಂತ ವರದಿ ಬಂತು. ಅದು ಪ್ರಾಮಾಣಿಕ ಉತ್ತರವೇ. ಆದರೆ ಆಮೇಲೆ ಕೋರ್ಟಿನ ಮುಂದೆ ಉಳಿದಿದ್ದು ಅವರ ಇಬ್ಬರು ಸಾಕ್ಷಿಗಳ ಮಾತು. ತೀರ್ಪು ಅವರ ಕಡೆ ಆಯಿತು. ಅಪೀಲಿನಲ್ಲಿ ಸೊಸೈಟಿಯಿಂದ 2008ರ ಬೆಳೆಸಾಲದ ಕಾಗದ ಹುಡುಕಿ ತಂದೆ. ಆಗಲೇ ಯಾಕೆ ತರಲಿಲ್ಲ ಅಂತ ಕೇಳಿ, ಕೋರ್ಟು ಅದನ್ನು ಒಪ್ಪಲಿಲ್ಲ. ಹೊಲ ಹೋಯಿತು.

ವರದಿ ಬಂದರೆ ಕೇಸು ಮುಗೀತು ಅನ್ನೋದನ್ನೂ ನಾನು ಒಪ್ಪಲ್ಲ. ಅದು ಅಭಿಪ್ರಾಯ ಅಷ್ಟೇ. ತಜ್ಞರ ಅಭಿಪ್ರಾಯದ ವಿಷಯ ಮೊದಲು ಸಾಕ್ಷ್ಯ ಕಾಯ್ದೆಯ 45ನೇ ಕಲಂನಲ್ಲಿತ್ತು, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 39ರಲ್ಲಿದೆ. ಕೈಬರಹ ತಜ್ಞರ ಮಾತನ್ನು ಎಚ್ಚರಿಕೆಯಿಂದ ನೋಡಬೇಕು ಅಂತ ಸುಪ್ರೀಂ ಕೋರ್ಟ್ 1980ರಲ್ಲೇ ಮುರಾರಿ ಲಾಲ್ ಪ್ರಕರಣದಲ್ಲಿ ಹೇಳಿದೆ. 2022ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 86 ತಜ್ಞರನ್ನು ಪರೀಕ್ಷಿಸಿದರು. ಬೇರೆ ಬೇರೆಯವರು ಬರೆದಿದ್ದನ್ನು ಒಬ್ಬರದೇ ಅಂದಿದ್ದು 3.1%. ಹಾಗಂತ ನಿಮ್ಮ ಕೇಸಿನಲ್ಲಿ ಸಹಿ 97% ಅಪ್ಪನದೇ ಅಂತ ಅಲ್ಲ! ಆ ಅಂಕಿ ಆ ಪರೀಕ್ಷೆಯ ಮಾದರಿಗಳದ್ದು. ನೀವು ಕೊಟ್ಟ ಮಾದರಿ ಹೇಗಿದೆ, ಹಣ ಕೈ ಬದಲಾಗಿದೆಯಾ, ಹೊಲ ಯಾರ ಸಾಗುವಳಿಯಲ್ಲಿತ್ತು, ಇದೆಲ್ಲ ಸೇರಿಸಿಯೇ ಲೆಕ್ಕ ಹಾಕಬೇಕು.

ಖಾಸಗಿ ವರದಿ ತಂದರೆ, ದುಡ್ಡು ಕೊಟ್ಟವರ ಕಡೆ ಹೇಳಿದ್ದಾರೆ ಅಂತ ಎದುರಿನ ವಕೀಲರು ಅನ್ನೋದು ಗ್ಯಾರಂಟಿ. ಆ ದುಡ್ಡು ಉಳಿಸಿ, ಈ ವಾರವೇ ಸೊಸೈಟಿಗೆ, ಬ್ಯಾಂಕಿಗೆ, ಸಬ್ ರಿಜಿಸ್ಟ್ರಾರ್ ಕಚೇರಿಗೆ ಓಡಾಡಿ. ಅಪ್ಪ ಆ ಕಾಲದಲ್ಲಿ ಹಾಕಿದ ಸಹಿ ಸಿಕ್ಕರೆ, ತೀರ್ಪಿಗೆ ಮುಂಚೆಯೇ ಮತ್ತೆ ಹೋಲಿಸಲು ಅರ್ಜಿ ಹಾಕಿಸಿ. ವರದಿ ಕೊಟ್ಟವರನ್ನು ಕೋರ್ಟಿಗೆ ಕರೆಸಿ ಪಾಟೀಸವಾಲು ಮಾಡಿಸಿ: ಎಷ್ಟು ಸಹಿ ನೋಡಿದಿರಿ, ಯಾವ ವರ್ಷದವು, ಏನೇನು ಫರಕು ಕಂಡರೂ ಬಿಟ್ಟಿರಿ? ಅದಕ್ಕೂ ಮುಂಚೆ ವರದಿಯ ಜೊತೆಗಿರೋ ಫೋಟೋ ಹಾಳೆಗಳ ಪ್ರತಿ ತೆಗೆದುಕೊಂಡು ನೀವೇ ಕೂತು ನೋಡಿ. ಅಪ್ಪನ ಅಕ್ಷರ ನಿಮ್ಮ ವಕೀಲರಿಗಿಂತ ನಿಮಗೇ ಜಾಸ್ತಿ ಗೊತ್ತು, ಅಲ್ವಾ?