ಚಾಲಕನಿಗೆ ಕಣ್ಣು ಕತ್ತಲೆ ಬಂತಂತೆ, ನಮಗೆ ಪರಿಹಾರ ಸಿಗಲ್ವಾ?

ಗಂಗಾವತಿ ರಸ್ತೆಯಲ್ಲಿ ಕಾರು ಗುದ್ದಿ ನಿಮ್ಮ ಅಪ್ಪನ ಕಾಲು ಮುರಿದಿದೆ. 'ಶುಗರ್ ಇಳಿದು ಕಣ್ಣು ಕತ್ತಲೆ ಬಂತು, ನನ್ನ ತಪ್ಪಿಲ್ಲ' ಅಂತ ಚಾಲಕ ಹೇಳ್ತಿದ್ದಾನೆ, ಕೇಸ್ ಬಿಡೋದಾ ಅಂತ ಕೇಳಿದ್ದೀರಿ. ಬಿಡಬೇಡಿ.

ನಾನು ವಕೀಲ ಅಲ್ಲ. ಆದರೆ ಸಿಂಧನೂರಿನಲ್ಲಿ ನಮ್ಮ ಅಕ್ಕನಿಗೆ ಕಾರು ಗುದ್ದಿದಾಗ ಇದೇ ಮಾತು ಕೇಳಿದ್ದೇವೆ. ಆ ಚಾಲಕನಿಗೆ ಫಿಟ್ಸ್ ಬಂದಿತ್ತು. ಸುಳ್ಳಲ್ಲ, ನಿಜವಾಗಿಯೂ ಬಂದಿತ್ತು. ಪಾಪ ಅಂತ ನಾವೂ ಸುಮ್ನಾಗಿದ್ದೆವು. ನಮ್ಮ ವಕೀಲರು ಮಾತ್ರ ಒಂದೇ ಪ್ರಶ್ನೆ ಕೇಳಿದರು: 'ಇದು ಮೊದಲ ಸಲವಾ?'

ಎಲ್ಲಾ ನಿಂತಿರೋದು ಅದರ ಮೇಲೆ. ಮುನ್ಸೂಚನೆಯೇ ಇಲ್ಲದೆ ಎದೆ ಹಿಡಿದು ಪ್ರಜ್ಞೆ ತಪ್ಪಿದರೆ ಅದು ಬೇರೆ. ಮೊದಲೇ ಗೊತ್ತಿದ್ದ ಕಾಯಿಲೆ ಇಟ್ಟುಕೊಂಡು, ಮಾತ್ರೆ ಬಿಟ್ಟು ಸ್ಟೇರಿಂಗ್ ಹಿಡಿದರೆ ಅದೇ ನಿರ್ಲಕ್ಷ್ಯ. ವಕೀಲರು ಕೋರ್ಟಿನ ಮೂಲಕ ಆಸ್ಪತ್ರೆಯ ಕೇಸ್ ಶೀಟ್ ತರಿಸಿದರು. ಅಡ್ಮಿಟ್ ಆದ ದಿನವೇ ಡ್ಯೂಟಿ ಡಾಕ್ಟರ್ ಬರೆದುಕೊಂಡಿದ್ದರು: ಮೂರು ವರ್ಷದಿಂದ ಫಿಟ್ಸ್, ಹತ್ತು ದಿನದಿಂದ ಮಾತ್ರೆ ಇಲ್ಲ. ಲೈಸೆನ್ಸಿಗೆ ಕೊಡುವ ಫಾರಂ 1ರಲ್ಲಿ ಮೂರ್ಛೆ ರೋಗ ಇದೆಯಾ, ಇದ್ದಕ್ಕಿದ್ದಂತೆ ಪ್ರಜ್ಞೆ ತಪ್ಪುತ್ತಾ, ತಲೆ ಸುತ್ತುತ್ತಾ ಅಂತ ಕೇಳ್ತಾರೆ. ಅಲ್ಲಿ ಆತ 'ಇಲ್ಲ' ಅಂತ ಸಹಿ ಹಾಕಿದ್ದ. ಆ ಎರಡು ಹಾಳೆ ಅಕ್ಕಪಕ್ಕ ಇಟ್ಟಾಗ ವಾದವೇ ಉಳಿಯಲಿಲ್ಲ.

ನಿಮ್ಮ ಕೇಸಲ್ಲೂ ಅದನ್ನೇ ಹುಡುಕಿಸಿ. ಆತ ಇನ್ಸುಲಿನ್ ತಗೊಳ್ತಾನಾ? ಅವತ್ತು ಊಟ ಮಾಡಿದ್ದನಾ? ಹಿಂದೆಯೂ ಹೀಗೆ ಶುಗರ್ ಇಳಿದಿತ್ತಾ? ಕಾರಲ್ಲಿ ಗ್ಲೂಕೋಸ್ ಡಬ್ಬಿ ಸಿಕ್ಕಿದ್ದರೆ ಅದೂ ಒಂದು ಸುಳಿವು ಅಲ್ವಾ? ಪ್ರಜ್ಞೆ ತಪ್ಪಿತ್ತು ಅಂತ ಹೇಳುವವನೇ ಅದನ್ನು ತೋರಿಸಬೇಕು. ಸುಮ್ನೆ ಬಾಯಿಮಾತು ಸಾಲದು.

ಅಕಸ್ಮಾತ್ ಅವನ ತಪ್ಪಿಲ್ಲ ಅಂತಲೇ ಆದರೂ ಕೈ ಖಾಲಿ ಆಗಲ್ಲ. ಮೋಟಾರು ವಾಹನ ಕಾಯ್ದೆಯ 164ನೇ ಸೆಕ್ಷನ್ ಪ್ರಕಾರ ತಪ್ಪು ಯಾರದು ಅಂತ ಸಾಬೀತು ಮಾಡಬೇಕಿಲ್ಲ. ಸಾವಾದರೆ 5 ಲಕ್ಷ, ಮೂಳೆ ಮುರಿತದಂಥ ತೀವ್ರ ಗಾಯಕ್ಕೆ 2.5 ಲಕ್ಷ. 166ರಲ್ಲಿ ತಪ್ಪು ತೋರಿಸಬೇಕು, ಆದರೆ ದುಡಿಮೆ ಹೋದದ್ದು, ಆಸ್ಪತ್ರೆ ಖರ್ಚು ಎಲ್ಲಾ ಸೇರಿ ಜಾಸ್ತಿ ಸಿಗಬಹುದು. ಮೊದಲೇ 164ರ ಹಣ ಒಪ್ಪಿಕೊಂಡರೆ 166ರ ಅರ್ಜಿ ಬಿದ್ದುಹೋಗುತ್ತೆ. ಆದ್ದರಿಂದ ವಕೀಲರನ್ನು ಕೇಳದೆ ಎಲ್ಲೂ ಸಹಿ ಹಾಕಬೇಡಿ.

166ರ ಅರ್ಜಿಗೆ ಅಪಘಾತವಾದ ದಿನದಿಂದ 6 ತಿಂಗಳ ಗಡುವಿದೆ. ನೀವಿರುವ ಊರಿನ ವ್ಯಾಪ್ತಿಯ ನ್ಯಾಯಮಂಡಳಿಯಲ್ಲೇ ಹಾಕಬಹುದು, ಅಪಘಾತವಾದ ಜಾಗಕ್ಕೇ ಅಲೆಯಬೇಕಿಲ್ಲ. ಕಾರಿಗೆ ಇನ್ಶೂರೆನ್ಸ್ ಇದ್ದರೆ ಹಣ ಕೊಡೋದು ಕಂಪನಿ, ಆ ಮನುಷ್ಯನ ಬಗ್ಗೆ ಅಯ್ಯೋ ಅನಿಸಿ ಹಿಂದೆ ಸರಿಯಬೇಡಿ. ಎಫ್‌ಐಆರ್‌ನಲ್ಲಿ ಏನು ಬರೆದಿದ್ದಾರೆ ಅಂತ ಇವತ್ತೇ ನೋಡಿ ಹೇಳಿ.